ಬೈಂಡಿನಲ್ಲಿ ಖಾಲಿ ಬಿಟ್ಟ ಹಾಳೆಗಳು

೧೯೭೭ರಲ್ಲಿ ನಾನು ಮುಳಬಾಗಿಲಿನ ಒಂದು ಗ್ರಂಥಾಲಯಕ್ಕೆ ಗ್ರಂಥಪಾಲಕನಾಗಿ ಸೇರಿದೆ. ಅದು ಸರ್ಕಾರದ್ದಲ್ಲ, ಊರಿನ ಕೆಲವು ಹಿರಿಯರು ಸಮಿತಿ ಮಾಡಿಕೊಂಡು ನಡೆಸುತ್ತಿದ್ದದ್ದು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಮೊದಲು ಬೆಲ್ಲದ ಮಂಡಿಯಾಗಿದ್ದ ಕಟ್ಟಡದಲ್ಲಿ ನಮ್ಮ ಕಪಾಟುಗಳಿದ್ದವು. ಮಳೆಗಾಲ ಬಂತೆಂದರೆ ಗೋಡೆಯಿಂದ ಬೆಲ್ಲದ ವಾಸನೆ ಏಳುತ್ತಿತ್ತು, ಹಿಂದೆಯೇ ಇರುವೆಗಳು ಸಾಲುಗಟ್ಟಿ ಬರುತ್ತಿದ್ದವು. ನನ್ನ ವೃತ್ತಿಜೀವನದ ಮೊದಲ ಶತ್ರು ಇರುವೆ. ಎರಡನೆಯ ಶತ್ರು ಪೆನ್ಸಿಲ್ ಹಿಡಿದು ಓದುವ ಓದುಗ. ಪುಸ್ತಕದ ಅಂಚಿನಲ್ಲಿ ಗೀಚುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು, ಈಗಲೂ ಉರಿಯುತ್ತದೆ. ಈ ಸ್ವಭಾವದವನ ಕೈಯಿಂದಲೇ ಮುಂದಿನ ಪ್ರಸಂಗ ನಡೆಯಿತಲ್ಲ ಎಂದು ನಮ್ಮ ಮನೆಯವರು ಇಂದಿಗೂ ನಗುತ್ತಾರೆ.

ನಮ್ಮ ಸಮಿತಿಗೆ ಹೊಸ ಕಾದಂಬರಿಗಳನ್ನು ಬೇಕಾದಷ್ಟು ಕೊಳ್ಳುವ ಶಕ್ತಿ ಇರಲಿಲ್ಲ. ಓದುಗರಿಗೆ ಬೇಕಾಗಿದ್ದದ್ದು ಕಾದಂಬರಿಯೇ. ಇದಕ್ಕೆ ಆ ಕಾಲದಲ್ಲಿ ಎಲ್ಲ ಕಡೆಯೂ ಇದ್ದ ಉಪಾಯವನ್ನೇ ನಾವೂ ಮಾಡುತ್ತಿದ್ದೆವು. ವಾರಪತ್ರಿಕೆಗಳಲ್ಲಿ ಬರುತ್ತಿದ್ದ ಧಾರಾವಾಹಿಯ ಹಾಳೆಗಳನ್ನು ವಾರವಾರವೂ ಬಿಡಿಸಿಟ್ಟುಕೊಂಡು, ಕಥೆ ಮುಗಿದ ಮೇಲೆ ಒಟ್ಟಿಗೆ ಹೊಲಿಸಿ ರಟ್ಟು ಹಾಕಿಸಿದರೆ ಒಂದು ಪುಸ್ತಕವಾಗುತ್ತಿತ್ತು. ಹೊಲಿಯುತ್ತಿದ್ದವರು ಬುಡನ್ ಸಾಬರು, ನಮ್ಮ ಬೀದಿಯ ತುದಿಯಲ್ಲಿ ಬೈಂಡಿಂಗ್ ಅಂಗಡಿ ಇಟ್ಟಿದ್ದವರು. ಯಾವುದಾದರೂ ವಾರದ ಕಂತು ಸಿಕ್ಕದಿದ್ದರೆ ಅದರ ಜಾಗದಲ್ಲಿ ಅಷ್ಟೇ ಖಾಲಿ ಹಾಳೆ ಸೇರಿಸಿ ಹೊಲಿಯುವುದು ಅವರ ಪದ್ಧತಿ. "ನಾಳೆ ಎಲ್ಲಾದ್ರೂ ಸಿಕ್ಕಿದ್ರೆ ಮೇಲೆ ಅಂಟಿಸ್ಕೊಳ್ಳಿ ಸಾಮಿ, ಬೆನ್ನು ಬಿಚ್ಚೋ ಕೆಲ್ಸ ಇರಲ್ಲ" ಎನ್ನುತ್ತಿದ್ದರು. ಹೊಲಿದ ಪುಸ್ತಕದ ಬೆನ್ನು ಒಂದು ಸಲ ಬಿಚ್ಚಿದರೆ ಮತ್ತೆ ಮೊದಲಿನ ಹಾಗೆ ಕೂರುವುದಿಲ್ಲ, ಆದ್ದರಿಂದ ಅವರ ಮಾತು ಸರಿಯಾಗಿಯೇ ಇತ್ತು.

೧೯೭೯ರಲ್ಲಿ ಹೀಗೆ ಬೈಂಡಾದ ಒಂದು ಧಾರಾವಾಹಿ ಈ ಕಥನದ ಕೇಂದ್ರ. ಬರೆದ ಕಾದಂಬರಿಕಾರರ ಹೆಸರು ಇಲ್ಲಿ ಬೇಡ. ಅವರು ದೊಡ್ಡ ಮನುಷ್ಯರು, ಈ ಪ್ರಸಂಗದಲ್ಲಿಯೂ ದೊಡ್ಡತನ ತೋರಿಸಿದರು, ಸ್ವಲ್ಪ ತಡವಾಗಿ. ಕಥೆಯ ನಾಯಕಿ ಮಾಲಿನಿ, ಓದಿದ ಹುಡುಗಿ, ಒಂದು ದೊಡ್ಡ ಕೂಡುಕುಟುಂಬಕ್ಕೆ ಸೊಸೆಯಾಗಿ ಬರುತ್ತಾಳೆ. ಆ ಮನೆಯ ಹಿರಿಸೊಸೆ ಗಂಗಮ್ಮ. ಮಕ್ಕಳಿಲ್ಲದ, ಮಾತು ಕಡಿಮೆಯ ಹೆಂಗಸು. ಹದಿನೇಳನೆಯ ಕಂತಿನವರೆಗೆ ಯಾರು ಬಂದರೂ ಹೋದರೂ ಎಲೆ ಹಾಕುವವಳು, ಬಡಿಸುವವಳು ಅವಳೇ. ಹದಿನೆಂಟನೆಯ ಕಂತಿದ್ದ ಪತ್ರಿಕೆ ನಮಗೆ ಬರಲೇ ಇಲ್ಲ. ಹತ್ತೊಂಬತ್ತನೆಯದನ್ನು, ಹಿಂಬದಿಯಲ್ಲಿದ್ದ ಸಿನಿಮಾ ನಟಿಯ ಚಿತ್ರಕ್ಕಾಗಿ ಯಾರೋ ಪುಣ್ಯಾತ್ಮರು ಕತ್ತರಿಸಿಕೊಂಡು ಹೋಗಿದ್ದರು. ಇಪ್ಪತ್ತನೆಯದರಲ್ಲಿ ಮಾಲಿನಿ ಗಂಡನಿಗೆ, "ಗಂಗಕ್ಕ ಈಗ ಇಲ್ಲವಲ್ಲ, ಅಡಿಗೆಗೆ ಯಾರನ್ನಾದರೂ ನೋಡಬೇಕು" ಎನ್ನುತ್ತಾಳೆ. ಅಲ್ಲಿಂದ ಕೊನೆಯವರೆಗೆ ಗಂಗಮ್ಮನ ಸುದ್ದಿಯೇ ಇಲ್ಲ. ಎರಡು ಕಂತಿನ ಜಾಗಕ್ಕೆ ಬುಡನ್ ಸಾಬರು ಖಾಲಿ ಹಾಳೆ ಸೇರಿಸಿ ಹೊಲಿದುಕೊಟ್ಟರು. ನಾನು ಅದನ್ನು ಅಕ್ಸೆಷನ್ ರಿಜಿಸ್ಟರಿಗೆ, ಅಂದರೆ ಗ್ರಂಥಾಲಯಕ್ಕೆ ಬಂದ ಪ್ರತಿ ಪುಸ್ತಕಕ್ಕೂ ಕ್ರಮಸಂಖ್ಯೆ ಕೊಡುವ ದಾಖಲೆಗೆ, ಏರಿಸಿ ಕಪಾಟಿನಲ್ಲಿಟ್ಟೆ.

ನಾಗವೇಣಮ್ಮ ಕುರುಡುಮಲೆ ಕಡೆಯ ಒಂದು ಹಳ್ಳಿಯವರು. ಮೂವತ್ತರ ಆಸುಪಾಸು, ಎಸ್ಸೆಸ್ಸೆಲ್ಸಿ ಪಾಸಾಗಿದ್ದವರು. ಮನೆಯಲ್ಲಿ ರಾಗಿ ಹೊಲ, ಹಿಪ್ಪುನೇರಳೆ ತೋಟ, ವರ್ಷಪೂರ್ತಿ ರೇಷ್ಮೆಹುಳು. ಸಂತೆಯ ದಿನ ಊರಿಗೆ ಬಂದವರು ಮೊದಲು ನಮ್ಮಲ್ಲಿಗೆ ಬಂದು ಹಳೆಯ ಪುಸ್ತಕ ಕೊಟ್ಟು ಹೊಸದು ಒಯ್ಯುತ್ತಿದ್ದರು. ಸಂತೆ ಆಮೇಲೆ. ಸಂಕೋಚ ಎನ್ನುವುದು ಆ ಹೆಂಗಸಿನ ಹತ್ತಿರ ಸುಳಿದದ್ದೇ ಇಲ್ಲ. ಚೆನ್ನಾಗಿಲ್ಲದ ಪುಸ್ತಕವನ್ನು ಮೇಜಿನ ಮೇಲೆ ತಳ್ಳಿ, "ಇದನ್ನ ಬರ್ದೋರಿಗೆ ಏನ್ ಬಂದಿತ್ತು ಸಾರ್?" ಎಂದು ನನ್ನನ್ನೇ ಕೇಳುತ್ತಿದ್ದರು, ನಾನೇ ಬರೆದಿದ್ದೇನೆ ಎನ್ನುವ ಹಾಗೆ. ಜೊತೆಗೆ ಅವರು ಪೆನ್ಸಿಲ್ ಪಂಗಡದವರು. ಅಂಚಿನಲ್ಲಿ "ಇವಳಿಗೆ ಬುದ್ಧಿ ಎಲ್ಲೋಯ್ತು", "ಇಷ್ಟು ಬೇಗ ಒಪ್ಪಿದಳೇ" ಎಂದೆಲ್ಲ ಬರೆದಿಡುತ್ತಿದ್ದರು. ಒಂದು ದಿನ ತಡೆಯಲಾರದೆ, "ಅಚ್ಚಾದ ಹಾಳೆ ಮೇಲೆ ಬರೀಬೇಡಿ ಅಮ್ಮ, ಕೈ ಮುಗೀತೀನಿ" ಎಂದಿದ್ದೆ. ಆಗಲಿ ಎಂದು ಹೋಗಿದ್ದರು.

ಆ ಧಾರಾವಾಹಿಯ ಬೈಂಡು ಒಂದು ಸಂತೆಯ ದಿನ ಅವರ ಕೈಗೆ ಹೋಯಿತು, ಕೆಲವು ವಾರಗಳ ನಂತರ ವಾಪಸ್ಸಾಯಿತು. ನೂಕುನುಗ್ಗಲಿನಲ್ಲಿ ನಾನು ಬಿಡಿಸಿ ನೋಡಲಿಲ್ಲ. ಆಮೇಲೆ ಆ ಪುಸ್ತಕ ಕಪಾಟಿನಲ್ಲಿ ಕೂತದ್ದೇ ಅಪರೂಪ. ಒಬ್ಬರು ತಂದುಕೊಡುವಾಗಲೇ ಇನ್ನೊಬ್ಬರು ಬಾಗಿಲಲ್ಲಿ ಕಾಯುತ್ತಿರುತ್ತಿದ್ದರು. ಜನಕ್ಕೆ ಧಾರಾವಾಹಿ ಹಿಡಿಸಿದೆ ಎಂದುಕೊಂಡು ಸುಮ್ಮನಿದ್ದೆ. ಕೊನೆಗೆ ಪ್ರೈಮರಿ ಶಾಲೆಯ ಮೇಡಂ ಒಬ್ಬರು ಪುಸ್ತಕ ಹಿಂತಿರುಗಿಸುತ್ತ, "ಕೈಬರಹದ್ದು ಇನ್ನೂ ಮುಂದಕ್ಕಿದ್ಯಾ ಸಾರ್? ಗಂಗಮ್ಮ ಆಮೇಲೆ ಏನಾದ್ಲು?" ಎಂದು ಕೇಳಿದಾಗ ಪುಸ್ತಕವನ್ನು ಕೈಗೆತ್ತಿಕೊಂಡೆ. ತೆರೆದು ನೋಡಿದರೆ ಖಾಲಿ ಹಾಳೆಗಳ ತುಂಬ ನೀಲಿ ಶಾಯಿ. ಬರಹದ ಮೇಲೆ ಹೆಸರಿರಲಿಲ್ಲ, ಆದರೆ ಅಂಚಿನ ಪೆನ್ಸಿಲ್ಲಿನಿಂದ ಆ ಅಕ್ಷರದ ಪರಿಚಯ ನನಗೆ ಚೆನ್ನಾಗಿಯೇ ಇತ್ತು.

ಮುಂದಿನ ಸಂತೆಗೆ ಬಂದ ನಾಗವೇಣಮ್ಮನ ಮುಂದೆ ಪುಸ್ತಕ ಬಿಚ್ಚಿಟ್ಟೆ.

"ಏನಮ್ಮ ಇದು?"

"ಅಚ್ಚಾದ ಹಾಳೆ ಮೇಲೆ ಬರೀಬ್ಯಾಡಿ ಅಂದಿದ್ರಿ. ಬರೀಲಿಲ್ಲ. ಖಾಲಿ ಬಿಟ್ಟಿದ್ರಿ, ಅಲ್ಲಿ ಬರ್ದೆ" ಎಂದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬ್ಲೇಡು ತಂದು ಆ ಹಾಳೆಗಳನ್ನು ಕತ್ತರಿಸಿಬಿಡುವುದೆಂದು ಸಂಜೆ ಬಾಗಿಲು ಹಾಕುವ ಮುಂಚೆ ಕೂತೆ. ಕತ್ತರಿಸುವ ಮುನ್ನ ಒಂದು ಪುಟ ಓದಿದೆ. ಆಮೇಲೆ ಎರಡನೆಯದು. ಬ್ಲೇಡು ಮೇಜಿನ ಮೇಲೆಯೇ ಉಳಿಯಿತು.

ಆಕೆ ಬರೆದದ್ದು ಇಷ್ಟು. ಒಂದು ಬೆಳಗ್ಗೆ ಗಂಗಮ್ಮ ಎಲ್ಲರಿಗೂ ತಿಂಡಿ ಬಡಿಸಿ, ಕೈ ತೊಳೆದು, ಯಾರಿಗೂ ಹೇಳದೆ ಹೊರಟು ಬಸ್ಸು ಹತ್ತುತ್ತಾಳೆ. ಜಗಳವಿಲ್ಲ, ಬೈಗುಳವಿಲ್ಲ. ಕಂಡಕ್ಟರ್ ಬಂದು ಎಲ್ಲಿಗೆ ಎಂದು ಕೇಳುತ್ತಾನೆ. ಅವಳಿಗೆ ಹೇಳಲು ಬಾಯಿ ಬರುವುದಿಲ್ಲ. ದಾರಿಯಲ್ಲೇ ಅವಳ ತೌರೂರು ಸಿಗುತ್ತದೆ, ಆದರೆ ಅದರ ಹೆಸರು ಹೇಳಿದರೆ ಅಣ್ಣನ ಮನೆಯಲ್ಲಿ ಇನ್ನೊಂದು ಎಲೆ ಹಾಕಬೇಕಾದವಳು ಅತ್ತಿಗೆ, ಅವಳೂ ತನ್ನ ಹಾಗೆಯೇ ಒಬ್ಬ ಸೊಸೆ ಎಂದು ಗಂಗಮ್ಮನಿಗೆ ಹೊಳೆಯುತ್ತದೆ. "ಈ ಬಸ್ಸು ಎಲ್ಲೀಗಂಟ ಹೋಗ್ತದಪ್ಪ?" ಎನ್ನುತ್ತಾಳೆ. ರಾಯಲ್ಪಾಡಿಗೆ ಎನ್ನುತ್ತಾನೆ. "ಅಲ್ಲಿಗೇ ಒಂದು ಕೊಡು." ತೌರೂರಿನಲ್ಲಿ ಬಸ್ಸು ನಿಂತಾಗ ಅವಳ ತಾಯಿ ಅಲ್ಲೇ ಟೊಮೆಟೊ ಬುಟ್ಟಿ ಇಟ್ಟುಕೊಂಡು ಕೂತಿರುತ್ತಾಳೆ. ಮಗಳನ್ನು ಕಿಟಕಿಯಲ್ಲಿ ಕಂಡು ಎದ್ದುಬರುತ್ತಾಳೆ. ಅವರ ಮನೆಮಾತು ತೆಲುಗು. "ಯಾಡಿಕಮ್ಮಾ?" ಎಲ್ಲಿಗಮ್ಮ ಎಂದು ತಾಯಿ. "ಪನುಂದಿಮ್ಮಾ, ಪೋಯೊಸ್ತಾ." ಕೆಲಸವಿದೆ, ಹೋಗಿಬರುತ್ತೇನೆ ಎಂದು ಮಗಳು. ತಾಯಿ ಇನ್ನೊಂದು ಮಾತು ಕೇಳುವುದಿಲ್ಲ. ಬುಟ್ಟಿಯಿಂದ ಬೊಗಸೆ ಟೊಮೆಟೊ ತಂದು ಕಿಟಕಿಯಿಂದಲೇ ಮಗಳ ಮಡಿಲಿಗೆ ಸುರಿಯುತ್ತಾಳೆ. ಬಸ್ಸು ಹೊರಡುತ್ತದೆ. ಎರಡನೆಯ ಅಧ್ಯಾಯದಲ್ಲಿ ಗಂಗಮ್ಮ ರಾಯಲ್ಪಾಡಿನ ಮಾವಿನ ಮಂಡಿಯಲ್ಲಿ ಹಣ್ಣು ಆರಿಸುವ ಕೆಲಸಕ್ಕೆ ಸೇರುತ್ತಾಳೆ.

ನಾನು ಸಾಹಿತ್ಯ ವಿಮರ್ಶಕನಲ್ಲ. ಆದರೆ ದಿನವಿಡೀ ಪುಸ್ತಕದ ನಡುವೆ ಇರುವವನಿಗೆ ಯಾವುದು ಉಸಿರಾಡುತ್ತಿದೆ ಎಂದು ಗೊತ್ತಾಗುತ್ತದೆ. ಆ ಕಿಟಕಿಯ ಪ್ರಸಂಗವನ್ನು ಎರಡು ಸಲ ಓದಿದೆ, ಹೇಳಿಕೊಳ್ಳಲು ನಾಚಿಕೆಯಿಲ್ಲ. ಪುಸ್ತಕವನ್ನು ಹಾಗೆಯೇ ಕಪಾಟಿಗೆ ಸೇರಿಸಿದೆ. ಓದುಗರಿಗೆ ಗೊತ್ತಿರಲೆಂದು ಕೈಬರಹ ಶುರುವಾಗುವ ಕಡೆ ಒಂದು ಚೀಟಿ ಅಂಟಿಸಿದೆ: "ಮುಂದಿನ ಎರಡು ಅಧ್ಯಾಯ ಓದುಗರೊಬ್ಬರು ಬರೆದದ್ದು." ಗೋಂದು ತಿನ್ನಲು ಬಂದ ಇರುವೆಗಳಿಂದ ಆ ಚೀಟಿ ಕಳಚಿಬಿದ್ದದ್ದು ನನಗೆ ತಿಳಿಯಲಿಲ್ಲ.

೧೯೮೦ರಲ್ಲಿ ನಮ್ಮ ವಾರ್ಷಿಕೋತ್ಸವಕ್ಕೆ ಸಮಿತಿಯ ಕಾರ್ಯದರ್ಶಿ ವಕೀಲ ಶೇಷಗಿರಿಯಪ್ಪನವರು ಅದೇ ಕಾದಂಬರಿಕಾರರನ್ನು ಕರೆಸಿದರು. ಕೋಲಾರದಲ್ಲಿ ಅವರ ತಮ್ಮನ ಮನೆಯಿತ್ತು, ಅಲ್ಲಿಗೆ ಬಂದಿದ್ದವರು ಒಪ್ಪಿದರು. ಜಮಖಾನ ಹಾಸಿ, ಮೈಕು ಕಟ್ಟಿ, ಸಭೆ ಚೆನ್ನಾಗಿಯೇ ನಡೆಯಿತು. ಭಾಷಣದ ನಂತರ ಓದುಗರು ಪ್ರಶ್ನೆ ಕೇಳಬಹುದು ಎಂದರು. ಸಿಕ್ಕದ ಕಂತುಗಳನ್ನು ನಾವು ಕೈಯಲ್ಲಿ ನಕಲು ಮಾಡಿಸಿದ್ದೇವೆ ಎಂದುಕೊಂಡಿದ್ದ ಶಾಲೆಯ ಮೇಡಂ ಎದ್ದು ನಿಂತು, "ನಿಮ್ಮ ಬರಹದಲ್ಲೆಲ್ಲ ನನಗೆ ಬಹಳ ಇಷ್ಟವಾದದ್ದು ಗಂಗಮ್ಮನ ತಾಯಿ ಕಿಟಕಿಯಿಂದ ಟೊಮೆಟೊ ಸುರಿಯುವ ಪ್ರಸಂಗ. ಅದು ನಿಮಗೆ ಹೇಗೆ ಹೊಳೀತು?" ಎಂದು ಕೇಳಿದರು. ಹಿಂದಿನ ಸಾಲಿನಲ್ಲಿ ಹಲವರು ಚಪ್ಪಾಳೆ ತಟ್ಟಿದರು.

ಕಾದಂಬರಿಕಾರರು ಮೈಕಿನ ಕಡೆ ಬಾಗಿ, "ಯಾವ ಟೊಮೆಟೊ?" ಎಂದರು.

ಪುಸ್ತಕ ತರಿಸಿದರು. ವೇದಿಕೆಯ ಮೇಲೆಯೇ ಬಿಡಿಸಿ ಒಂದೆರಡು ಪುಟದ ಮೇಲೆ ಕಣ್ಣಾಡಿಸಿದರು. ಮುಖ ಕೆಂಪಗಾಯಿತು. "ನನ್ನ ಮನೆಯೊಳಗೆ ಯಾರೋ ಬಂದು ಒಲೆ ಹಚ್ಚಿದ್ದಾರೆ, ನೀವು ಅಡಿಗೆ ಚೆನ್ನಾಗಿದೆ ಅಂತೀರಿ. ಇದನ್ನ ಹರಿದುಹಾಕಿ" ಎಂದಷ್ಟೇ ಹೇಳಿ ಕೂತರು. ಅವರ ನೋವು ಸುಳ್ಳಲ್ಲ. ತಾನು ಬರೆಯದ ಮಾತಿಗೆ ಬಿದ್ದ ಚಪ್ಪಾಳೆಯನ್ನು ಕೇಳಿಸಿಕೊಳ್ಳುವುದು ಯಾವ ಬರಹಗಾರನಿಗೂ ಸುಲಭವಲ್ಲ. ವಕೀಲರಂತೂ ಅವಮಾನದಿಂದ ಕುದಿದುಹೋಗಿದ್ದರು. ಸಭೆಯಲ್ಲೇ ಕೂತಿದ್ದ ನಾಗವೇಣಮ್ಮ ಎದ್ದು, "ಬರ್ದೋಳು ನಾನು" ಎಂದರು. ಯಾರೂ ಬಲವಂತ ಮಾಡಿರಲಿಲ್ಲ.

ಎರಡು ದಿನಕ್ಕೆ ಸಮಿತಿ ಸೇರಿತು. ವಕೀಲರ ಸೂಚನೆ ನೇರವಾಗಿತ್ತು: ಹಾಳೆಗಳನ್ನು ಹರಿದುಹಾಕುವುದು, ಬರೆದವರ ಸದಸ್ಯತ್ವ ರದ್ದು ಮಾಡುವುದು. ಮೊದಲನೆಯದಕ್ಕಿಂತ ಎರಡನೆಯದು ಕ್ರೂರವಾಗಿತ್ತು. ಮುಳಬಾಗಿಲು ಬಿಟ್ಟರೆ ನಾಗವೇಣಮ್ಮನಿಗೆ ಪುಸ್ತಕ ಸಿಗುವ ಇನ್ನೊಂದು ಜಾಗ ಕೋಲಾರ. ಹುಳು ಸಾಕುವ ಮನೆಯ ಹೆಂಗಸಿಗೆ ಕೋಲಾರವೂ ಒಂದೇ, ಕಾಶಿಯೂ ಒಂದೇ. ಸಭೆಗೆ ಕರೆಸಿದ್ದ ಆಕೆಯೇ ಅದನ್ನು ಹೇಳಿದರು: "ಹಾಳೆ ಬೇಕಾದ್ರೆ ಹರೀರಿ ಸಾರ್, ಬೈದ್ಕೊಂಡು ಸುಮ್ನಿರ್ತೀನಿ. ಪುಸ್ತಕ ಕೊಡೋದ್ ನಿಲ್ಲಿಸ್ಬ್ಯಾಡಿ. ಓದೋಕೊಂದು ಇಲ್ದಿದ್ರೆ ಆ ಹುಳುಮನೆ ನಂಗೆ ಜೈಲಾಗೋಗ್ತದೆ."

ನಾನು ನನ್ನ ವಾದ ಹೇಳಿದೆ. ನಮ್ಮೂರ ಬಯಲಾಟದಲ್ಲಿ ಭಾಗವತರು ಪ್ರತಿ ರಾತ್ರಿ ಹಳೆಯ ಪಾತ್ರಗಳ ಬಾಯಲ್ಲಿ ಹೊಸ ಮಾತು ಹಾಕಿ ಆಡಿಸುತ್ತಾರೆ, ಯಾರೂ ಕಳ್ಳತನ ಎನ್ನುವುದಿಲ್ಲ ಎಂದೆ. ವಕೀಲರು ವಕೀಲರೇ. "ಪುರಾಣಕ್ಕೆ ಮಾಲೀಕರಿಲ್ಲ. ಇದಕ್ಕೆ ಇದ್ದಾರೆ, ಮೊನ್ನೆ ನಮ್ಮ ವೇದಿಕೆ ಮೇಲೇ ಕೂತಿದ್ರು" ಎಂದರು.

ಸಮಿತಿಯ ಹಿರಿಯರೊಬ್ಬರು ರಾಜಿಯ ದಾರಿ ತೋರಿಸಿದರು. ಗಂಗಮ್ಮ, ಮಾಲಿನಿ ಎನ್ನುವ ಹೆಸರು ತೆಗೆದು ಬೇರೆ ಹೆಸರಿಟ್ಟುಬಿಡಲಿ, ಆಗ ಅದು ಆಕೆಯದೇ ಸ್ವಂತ ಕಥೆ. ನಮ್ಮ ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕಿಸೋಣ, ಸದಸ್ಯತ್ವವೂ ಉಳಿಯಲಿ ಎಂದರು. ಇದಕ್ಕಿಂತ ಒಳ್ಳೆಯ ದಾರಿ ಏನಿದೆ ಎಂದು ನನಗೂ ಅನಿಸಿತು. ಎಲ್ಲರೂ ಆಕೆಯ ಕಡೆ ನೋಡಿದೆವು.

"ಆಗಲ್ಲ ಸಾರ್" ಎಂದರು ನಾಗವೇಣಮ್ಮ.

"ಯಾಕಮ್ಮ? ಹೆಸರಲ್ಲೇನಿದೆ?" ಎಂದರು ವಕೀಲರು.

"ಹದಿನೇಳು ವಾರ ಈ ಗಂಗಮ್ಮ ಎಲ್ಲಾರ್ಗೂ ಬಡಿಸವ್ಳೆ. ಓದೋರೆಲ್ಲಾ ಅವಳ ಕೈಯಿಂದ ಉಂಡಂಗೆ ಆಗೋಗದೆ. ಅವಳು ಎದ್ದೋದ್ಲು ಅಂದ್ರೆ ಹೊಟ್ಟೇಲಿ ಸಂಕಟ ಆಗೋದು ಅದಕ್ಕೇ. ಬ್ಯಾರೆ ಹೆಸರಿಟ್ಟು ಹೊಸದಾಗಿ ಯಾವಳನ್ನೋ ಬಸ್ ಹತ್ತಿಸಿದ್ರೆ, ಹತ್ತಿದ್ಲು ಬಿಡು ಅಂತಾರೆ. ಆ ಸಂಕಟ ನಂದಲ್ಲ ಸಾರ್, ಅವರು ಮಾಡಿಟ್ಟಿದ್ದು. ಅವರು ನಡುವೆ ಬಿಟ್ಟೋದ್ರು, ನಾನು ಅಲ್ಲಿಂದ ಎತ್ಕೊಂಡೆ."

ಸದಸ್ಯತ್ವ ಹೋದರೂ ಹೆಸರು ಬದಲಿಸುವುದಿಲ್ಲ ಎಂದು ಆಕೆ ಹೇಳಲಿಲ್ಲ, ಹೇಳುವ ಅಗತ್ಯವಿರಲಿಲ್ಲ. ಕೊನೆಗೆ ವಕೀಲರು, "ಹಾಗಾದ್ರೆ ಮಾಲೀಕರ ಹತ್ರಾನೇ ಹೋಗಿ. ಅವರು ಒಪ್ಪಿದ್ರೆ ನಮ್ಮದೇನೂ ತಕರಾರಿಲ್ಲ. ಒಪ್ಪದಿದ್ರೆ ಹಾಳೆಯೂ ಇಲ್ಲ, ಸದಸ್ಯತ್ವವೂ ಇಲ್ಲ" ಎಂದು ತೀರ್ಪು ಕೊಟ್ಟರು.

ಮರುದಿನ ಬೆಳಗ್ಗೆ ನಾನೂ ನಾಗವೇಣಮ್ಮನೂ ಬೈಂಡನ್ನು ಟವೆಲಿನಲ್ಲಿ ಸುತ್ತಿಕೊಂಡು ಕೋಲಾರದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಆಕೆ ಮಾತಾಡಲಿಲ್ಲ. ಆ ಹೆಂಗಸು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನರಸಾಪುರದ ಕಡೆಗೆ ಹೋಗುವ ರಸ್ತೆಯಲ್ಲಿ ಕಾದಂಬರಿಕಾರರ ತಮ್ಮನ ಮನೆ. ಕಾದಂಬರಿಕಾರರು ಜಗುಲಿಯಲ್ಲಿ ಪೇಪರ್ ಓದುತ್ತ ಕೂತಿದ್ದರು. ನಮ್ಮನ್ನು ಕಂಡು ಮುಖ ಗಂಟಿಕ್ಕಿದರೂ ಕೂರಲು ಹೇಳಿದರು.

"ಇನ್ನೂ ಹರೀಲಿಲ್ವಾ?"

"ನೀವು ಪೂರ್ತಿ ಓದಿಲ್ಲ ಸಾರ್" ಎಂದೆ. "ಓದಿದ ಮೇಲೂ ಹರೀರಿ ಅಂದ್ರೆ ನಾನೇ ಇಲ್ಲೇ ಹರೀತೀನಿ."

ಅವರು ಕನ್ನಡಕ ಹಾಕಿಕೊಂಡು ಓದಲು ಕೂತರು. ಮನೆಯವರು ಕಾಫಿ ತಂದಿಟ್ಟರು. ಅವರ ಲೋಟದ ಕಾಫಿ ಹಾಗೆಯೇ ಆರಿತು. ಮೊದಲ ಅಧ್ಯಾಯ ಮುಗಿಸಿ ಒಮ್ಮೆ ತಲೆ ಎತ್ತಿದರು, ಮತ್ತೆ ಹಿಂದಿನ ಎರಡು ಪುಟ ತಿರುವಿ ಓದಿದರು. ಎರಡನೆಯದನ್ನೂ ಮುಗಿಸಿದರು.

"ನನ್ನ ಗಂಗಮ್ಮನಿಗೆ ತೆಲುಗು ಬರಲ್ಲ" ಎಂದರು.

"ಅವಳ ತೌರು ಯಾವೂರು ಅಂತ ನೀವು ಎಲ್ಲೂ ಬರೀಲಿಲ್ವಲ್ಲ ಸಾರ್" ಎಂದರು ನಾಗವೇಣಮ್ಮ. ದನಿಯಲ್ಲಿ ಎಂದಿನ ಗತ್ತಿರಲಿಲ್ಲ. "ನಾನು ಹುಡುಕಿದೆ. ಎಲ್ಲೂ ಇರ್ಲಿಲ್ಲ. ಅದಕ್ಕೆ ನಮ್ ಕಡೆಯೋಳು ಮಾಡ್ಕೊಂಡೆ. ಆ ಎರಡು ವಾರ ನೀವೇನು ಬರ್ದಿದ್ರಿ ಸಾರ್? ಅದನ್ನ ನಾನು ಇವತ್ತಿಗೂ ಓದಿಲ್ಲ. ಅವಳು ಎಲ್ಲಿಗೋದ್ಲು?"

ಕಾದಂಬರಿಕಾರರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು.

"ಎಲ್ಲಿಗೂ ಇಲ್ಲಮ್ಮ" ಎಂದರು. "ಆ ಎರಡು ಕಂತು ಪೂರ್ತಿ ಮಾಲಿನಿ, ಅವಳ ಗಂಡ ಊಟಿಗೆ ಹೋದದ್ದೇ. ವಾಪಸ್ ಬಂದಾಗ ಮನೆಯಲ್ಲಿ ಮಾಲಿನಿಗೆ ಕೆಲಸ ಹೆಚ್ಚಾಗಬೇಕಿತ್ತು ಕಥೆಗೆ. ಗಂಗಮ್ಮ ಇದ್ರೆ ಆಗ್ತಿರ್ಲಿಲ್ಲ. ತೌರಿಗೆ ಹೋದಳು ಅಂತ ಒಂದು ಸಾಲು ಹಾಕಿದೆ. ಆಮೇಲೆ ಕರ್ಕೊಂಡು ಬರೋಣ ಅಂದ್ಕೊಂಡಿದ್ದೆ. ಮರೆತುಬಿಟ್ಟೆ. ಯಾರೂ ಕೇಳಲೂ ಇಲ್ಲ."

"ನಾನು ಕೇಳ್ದೆ" ಎಂದರು ನಾಗವೇಣಮ್ಮ.

ಅವರು ನಕ್ಕರು. ಸಿಟ್ಟು ಆ ನಗುವಿನಲ್ಲೇ ಇಳಿಯಿತೆಂದು ಕಾಣುತ್ತದೆ. ಆಮೇಲೆ ನಡೆದದ್ದನ್ನು ನಾನು ಮರೆಯಲಾರೆ. ಅವರು ಪುಸ್ತಕವನ್ನು ಮತ್ತೆ ಬಿಡಿಸಿ, ಬೆರಳಿಟ್ಟು, ತಪ್ಪು ಹುಡುಕತೊಡಗಿದರು. "ಮೊದಲನೇ ಅಧ್ಯಾಯದಲ್ಲಿ ಗಂಗಮ್ಮ ಒಂದು ಹನಿ ಕಣ್ಣೀರು ಹಾಕಲ್ಲ. ಅದಕ್ಕೇ ಅದು ನಿಂತಿದೆ. ಎರಡನೇದರಲ್ಲಿ ಮಂಡಿಯಲ್ಲಿ ಕೂತು ಪುಟಗಟ್ಟಲೆ ಅಳ್ತಾಳೆ. ಯಾಕೆ? ನಿಮಗೆ ಓದುಗರ ಮೇಲೆ ನಂಬಿಕೆ ಹೋಯ್ತಾ?" ಎಂದರು. ನಾಗವೇಣಮ್ಮ ವಾದ ಹೂಡಿದರು, ಅವರೂ ಬಿಡಲಿಲ್ಲ. ಇಬ್ಬರೂ ನನ್ನನ್ನು ಮರೆತೇಬಿಟ್ಟರು. ನಾನು ಆರಿದ ಕಾಫಿ ಲೋಟಗಳನ್ನು ನೋಡುತ್ತ ಕೂತಿದ್ದೆ. ಹರಿದುಹಾಕಬೇಕಾದ ಬರಹವನ್ನು ಯಾರೂ ತಿದ್ದುವುದಿಲ್ಲ. ಅವರು ತಿದ್ದಲು ಕೂತಾಗಲೇ ಅದನ್ನು ಬರಹ ಎಂದು ಒಪ್ಪಿಕೊಂಡಿದ್ದಾರೆ ಎಂದು ನನಗೆ ಗೊತ್ತಾಯಿತು, ಆ ಜಗುಲಿಯಲ್ಲಿ ನನಗಾದ ಸಂತೋಷ ನನಗೇ ಗೊತ್ತು.

ಹೊರಡುವಾಗ ಅವರು ನನಗೆ ಒಂದು ಷರತ್ತು ಹಾಕಿದರು. "ನನ್ನ ಪುಸ್ತಕದ ಒಳಗೆ ಬೇಡ. ಒಳಗಿದ್ರೆ ನನ್ನದು ಅಂತಾರೆ, ಅದು ಆಕೆಗೂ ಅನ್ಯಾಯ. ಬೇರೆ ಮಾಡಿ ಪಕ್ಕದಲ್ಲಿಡಿ." ನಾಗವೇಣಮ್ಮನ ಕಡೆ ತಿರುಗಿ, "ಆ ಕಿಟಕಿ ಪ್ರಸಂಗ ನಾನು ಬರೀಬೇಕಿತ್ತು ಕಣಮ್ಮ" ಎಂದರು. ಬಸ್ಸಿನಲ್ಲಿ ವಾಪಸ್ ಬರುವಾಗ ಆಕೆ ಕಳೆದುಕೊಂಡಿದ್ದ ಮಾತನ್ನೆಲ್ಲ ಬಡ್ಡಿ ಸಮೇತ ತೀರಿಸಿಕೊಂಡರು.

ಬುಡನ್ ಸಾಬರು ಗೊಣಗುತ್ತಲೇ ಬೆನ್ನು ಬಿಚ್ಚಿದರು. ಅಳು ಕಡಿಮೆ ಮಾಡಿ ನಾಗವೇಣಮ್ಮ ಎರಡನೆಯ ಅಧ್ಯಾಯವನ್ನು ಹೊಸದಾಗಿ ಬರೆದುಕೊಟ್ಟರು. ಎರಡೂ ಅಧ್ಯಾಯಕ್ಕೆ ಸೇರಿಸಿ ಬೇರೆ ರಟ್ಟು ಹಾಕಿಸಿದೆವು, "ಗಂಗಮ್ಮನ ಟಿಕೆಟ್ಟು" ಎಂದು ಹೆಸರಿಟ್ಟೆವು. ಆಗ ನನಗೆ ನನ್ನ ವೃತ್ತಿಯದೇ ಒಂದು ಪ್ರಶ್ನೆ ಎದುರಾಯಿತು. ಗ್ರಂಥಾಲಯದಲ್ಲಿ ಪ್ರತಿ ಪುಸ್ತಕಕ್ಕೂ ಒಂದು ಕ್ಯಾಟಲಾಗ್ ಕಾರ್ಡು ಇರುತ್ತದೆ. ಅದರ ಮೊದಲ ಸಾಲಿನಲ್ಲಿ ಬರೆಯುವುದು ಗ್ರಂಥಕರ್ತರ ಹೆಸರು. ಇಲ್ಲಿ ಯಾರ ಹೆಸರು? ಪಾತ್ರ ಅವರದು, ಬರಹ ಇವರದು. ನಾನು ಕಲಿತ ಗ್ರಂಥಾಲಯ ಶಾಸ್ತ್ರದಲ್ಲಿ ಗ್ರಂಥಕರ್ತ ಎಂದರೆ ಬರೆದವನು, ಅಷ್ಟೇ. ಪಾತ್ರವನ್ನು ಎಲ್ಲಿಂದ ತಂದ ಎಂದು ಶಾಸ್ತ್ರ ಕೇಳುವುದಿಲ್ಲ. ಮೊದಲ ಸಾಲಿನಲ್ಲಿ "ನಾಗವೇಣಮ್ಮ" ಎಂದು ಬರೆದೆ. ಕೆಳಗೆ ಟಿಪ್ಪಣಿಯ ಸಾಲಿನಲ್ಲಿ, ಇಂಥವರ ಇಂಥ ಧಾರಾವಾಹಿಯ ಪಾತ್ರವನ್ನು ಆಧರಿಸಿದ್ದು ಎಂದು ಸೇರಿಸಿದೆ. ಕಾರ್ಡು ನೋಡಿ ಆಕೆ ಅದರ ಮೇಲೆ ಬೆರಳಾಡಿಸಿದರು. "ಸಾರ್, ಇದರ ಮೇಲೆ ಯಾರೂ ಪೆನ್ಸಿಲ್ ಇಡ್ದಂಗೆ ನೋಡ್ಕೊಳ್ಳಿ" ಎಂದರು.

ವಕೀಲರಿಗೆ ಆಗಲೂ ಒಂದು ಅನುಮಾನ ಉಳಿದಿತ್ತು. ಮೂಲದ ಆಸರೆಯಿಲ್ಲದೆ ಇದು ನಿಂತೀತೇ ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಧಾರಾವಾಹಿಯನ್ನು ಓದಿರದ ಕೆಲವರಿಗೆ ಇದನ್ನೇ ಮೊದಲು ಕೊಟ್ಟು ನೋಡಿದೆ. ಓದಿದವರು ಬಂದು, ಈ ಗಂಗಮ್ಮ ಮೊದಲು ಆ ಮನೆಯಲ್ಲಿ ಹೇಗಿದ್ದಳೋ ಓದಬೇಕು, ಆ ಪುಸ್ತಕ ಕೊಡಿ ಎಂದರು. ಮಗಳು ತಾಯಿಯನ್ನು ಕರೆತಂದ ಹಾಗಾಯಿತು. ವಕೀಲರು ತಾವೇ ಎರಡನ್ನೂ ಒಯ್ದು, ಒಂದು ಭಾನುವಾರ ಓದಿ, ಏನೂ ಹೇಳದೆ ತಂದಿಟ್ಟರು. ವಕೀಲರು ಏನೂ ಹೇಳಲಿಲ್ಲವೆಂದರೆ ಒಪ್ಪಿದರು ಎಂದೇ ಅರ್ಥ.

ಇಷ್ಟಾದ ಮೇಲೆ ಊರಲ್ಲಿ ಹಲವರಿಗೆ ಕೈ ತುರಿಸತೊಡಗಿತು. ಓದಿದ ಕಾದಂಬರಿಗಳಿಗೆ ಮುಂದುವರಿಕೆ ಬರೆದು ತಂದುಕೊಡುವವರು ಶುರುವಾದರು. ನಿಜ ಹೇಳಬೇಕೆಂದರೆ ಹೆಚ್ಚಿನವು ನಾಯಕಿಗೆ ಒಳ್ಳೆಯ ಸೀರೆ ಉಡಿಸಿ, ಖಳನಿಗೆ ಲಾರಿ ಹಾಯಿಸಿ ಮುಗಿಯುತ್ತಿದ್ದವು. ಒಬ್ಬರಂತೂ ಸತ್ತ ನಾಯಕನನ್ನು ಬದುಕಿಸಿ ಮಾಲೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿಸಿಕೊಟ್ಟಿದ್ದರು. ಅಂಥವನ್ನು ನಗುತ್ತಲೇ ವಾಪಸ್ ಕೊಡುತ್ತಿದ್ದೆ. ಆದರೆ ಸ್ವಂತ ಪಾತ್ರ ಕಟ್ಟಿ ಬರೆದು ತರುತ್ತಿದ್ದವುಗಳಲ್ಲಿಯೂ ಹೆಚ್ಚಿನವು ಹೀಗೆಯೇ ಇರುತ್ತಿದ್ದವು. ಯಾರ ಪಾತ್ರ ಎನ್ನುವುದಕ್ಕೂ ಬರಹ ಚೆನ್ನಾಗಿದೆಯೇ ಎನ್ನುವುದಕ್ಕೂ ಸಂಬಂಧವಿಲ್ಲ ಎಂದು ನನಗೆ ಗಟ್ಟಿಯಾದದ್ದು ಆಗಲೇ. ಹೀಗೆ ಬಂದವುಗಳಲ್ಲಿ ಬೆರಳೆಣಿಕೆಯಷ್ಟಕ್ಕೆ ಮಾತ್ರ ರಟ್ಟು ಹಾಕಿಸಿದೆ.

ಒಂದು ವಿಷಯ ಹೇಳುವುದು ಬಾಕಿಯಿದೆ. "ಗಂಗಮ್ಮನ ಟಿಕೆಟ್ಟು" ಹೊಲಿಯುವಾಗ ಬುಡನ್ ಸಾಬರು ಅಭ್ಯಾಸಬಲದಿಂದ ಹಿಂದೆ ಒಂದಷ್ಟು ಖಾಲಿ ಹಾಳೆ ಸೇರಿಸಿದ್ದರು. ನಾನು ತೆಗೆಸಲಿಲ್ಲ. ೧೯೮೬ರಲ್ಲಿ ಒಂದು ದಿನ, ಮಾಲೂರಿನಿಂದ ವರ್ಗವಾಗಿ ಬಂದಿದ್ದ ನರ್ಸ್ ಒಬ್ಬರು ಅದನ್ನು ಹಿಂತಿರುಗಿಸಿ, ಮುಖ ತಗ್ಗಿಸಿಕೊಂಡು ಬೇಗಬೇಗ ಹೊರಟುಹೋದರು. ತೆರೆದು ನೋಡಿದೆ. ಹಿಂದಿನ ಹಾಳೆಗಳು ತುಂಬಿದ್ದವು. ಗಂಗಮ್ಮನಿಗೆ ವಯಸ್ಸಾಗಿದೆ. ಮಂಡಿಯಲ್ಲಿ ಅವಳ ಪಕ್ಕ ಕೂತು ಹಣ್ಣು ಆರಿಸಲು, ಅದೇ ಮನೆಯಿಂದ ಎದ್ದುಬಂದ ಮಾಲಿನಿ ಕೆಲಸ ಕೇಳಿಕೊಂಡು ಬಂದಿದ್ದಾಳೆ.

ಸಂತೆಯ ದಿನ ನಾಗವೇಣಮ್ಮ ಬಂದಾಗ ಪುಸ್ತಕವನ್ನು ಅವರ ಮುಂದಿಟ್ಟೆ. ನಿಂತಲ್ಲೇ ಓದಿದರು. ಓದುತ್ತ ಓದುತ್ತ ಮುಖ ಕೆಂಪಗಾಯಿತು. ಆ ಕೆಂಪನ್ನು ನಾನು ಮೊದಲೂ ಒಂದು ವೇದಿಕೆಯ ಮೇಲೆ ನೋಡಿದ್ದೆ.

"ನನ್ನ ಗಂಗಮ್ಮ ಹಿಂಗೆಲ್ಲಾ ಮಾತಾಡೋಳಲ್ಲ ಸಾರ್. ಆ ಮಾಲಿನಿ ಬಂದ್ರೆ ಪಕ್ಕದಲ್ಲಿ ಕೂರಿಸ್ಕೊಳ್ಳೋಳೇ ಅಲ್ಲ. ಯಾರ್ ಬರ್ದಿದ್ದು ಇದು?"

"ಬ್ಲೇಡ್ ತರ್ಲಾ?" ಎಂದೆ.

ಪುಸ್ತಕವನ್ನು ಎದೆಗವಚಿಕೊಂಡು ನನ್ನನ್ನು ದುರುಗುಟ್ಟಿ ನೋಡಿದರು. ಸ್ವಲ್ಪ ಹೊತ್ತಿಗೆ ತಾವೇ ನಕ್ಕರು. ನರ್ಸ್ ಬಂದು ಕೊಟ್ಟುಹೋದದ್ದನ್ನು ಹೇಳಿದೆ. ಬೆಂಚಿನ ಮೇಲೆ ಕೂತು ಇನ್ನೊಂದು ಸಲ, ಈ ಸಲ ನಿಧಾನವಾಗಿ, ಓದಿದರು. ಸಂತೆಗೆ ಹೊತ್ತು ಹೋದದ್ದೂ ಗೊತ್ತಾಗಲಿಲ್ಲ.

"ಆ ನರ್ಸಮ್ಮ ಇನ್ನೊಂದ್ಸಲ ಬಂದ್ರೆ ನಾನು ಬರೋಗಂಟ ಕೂರಿಸ್ಕೊಳ್ಳಿ. ಮೂರನೇ ಪುಟದಾಗೆ ಮಾತು ಜಾಸ್ತಿ ಆಗದೆ, ಹೇಳ್ಬೇಕು" ಎಂದರು. ಹೊರಟವರು ಬಾಗಿಲಲ್ಲಿ ತಿರುಗಿ, "ಅವಳದ್ಕೂ ಬ್ಯಾರೆ ರಟ್ಟು ಹಾಕ್ಸಿ ಸಾರ್. ಹಿಂದೆ ಹಾಳೆ ಬಿಡಕ್ಕೆ ಸಾಬ್ರಿಗೆ ಹೇಳಿ" ಎಂದರು.

ಪುಸ್ತಕಗಳನ್ನು ಜನರ ಕೈಯಿಂದ ಕಾಪಾಡುವುದೇ ನನ್ನ ಕೆಲಸ ಎಂದುಕೊಂಡು ಸೇರಿದವನು ನಾನು. ಬರೆಯುವವರಿಗೆ ಒಂದಿಷ್ಟು ಜಾಗ ಬಿಟ್ಟಿರುವುದೂ ಅದೇ ಕೆಲಸದಲ್ಲಿ ಸೇರಿದೆ ಎಂದು ನನಗೆ ಕಲಿಸಿದ್ದು ಮುಳಬಾಗಿಲು. ಆ ಸಂಜೆ ಹೊಸ ಕಾರ್ಡು ತೆಗೆದು ಮೊದಲ ಸಾಲಿನಲ್ಲಿ ನರ್ಸಮ್ಮನ ಹೆಸರು ಬರೆದೆ. ಟಿಪ್ಪಣಿಯ ಸಾಲಿನಲ್ಲಿ ಬರೆದೆ: ನಾಗವೇಣಮ್ಮನವರ "ಗಂಗಮ್ಮನ ಟಿಕೆಟ್ಟು" ಕೃತಿಯ ಪಾತ್ರವನ್ನು ಆಧರಿಸಿದ್ದು.